ಸಕ್ಕರೆ ತಿಂದು ಶ್ರೀಗಂಧ ಸೂಸುವ ಬ್ಯಾಕ್ಟೀರಿಯಾ

ಪ್ರಯೋಗಾಲಯಗಳಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಬೆಳೆಸುವವರಿಗೆ ಮೊದಲು ಪರಿಚಯವಾಗುವುದು ಅದರ ದುರ್ವಾಸನೆ. ಮಲದ ವಾಸನೆಗೂ ಕಾರಣವಾದ ಇಂಡೋಲ್ ಎಂಬ ರಾಸಾಯನಿಕವನ್ನು ಈ ಸೂಕ್ಷ್ಮಜೀವಿ ತಯಾರಿಸುತ್ತದೆ. ಈ ವಾಸನೆಯನ್ನೇ ಬದಲಿಸಿದರೆ ಹೇಗೆ ಎಂಬ ಯೋಚನೆ 2006ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳಿಗೆ ಬಂದಿತು. ಜೀವಕೋಶಗಳನ್ನು ಯಂತ್ರಗಳಂತೆ ಮರುವಿನ್ಯಾಸಗೊಳಿಸುವ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆಯೊಂದಕ್ಕಾಗಿ ಅವರು ಇಂಡೋಲ್ ತಯಾರಿಸಲಾರದ ಇ.ಕೋಲಿ ತಳಿಯೊಂದನ್ನು ಆಯ್ದುಕೊಂಡರು. ಅದಕ್ಕೆ ಪೆಟೂನಿಯಾ ಹೂಗಿಡದಿಂದ ಮತ್ತು ಯೀಸ್ಟ್‌ನಿಂದ ವಂಶವಾಹಿಗಳನ್ನು ಸೇರಿಸಿದರು. ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವಾಗ, ನೋವಿನ ಮುಲಾಮುಗಳಲ್ಲಿ ಎಲ್ಲರಿಗೂ ಪರಿಚಿತವಾದ ವಿಂಟರ್‌ಗ್ರೀನ್ ಎಣ್ಣೆಯ ವಾಸನೆ ಬಂದಿತು. ಬೆಳವಣಿಗೆ ನಿಂತಾಗ ಬಾಳೆಹಣ್ಣಿನ ವಾಸನೆ. ಕೊಳವೆಯನ್ನು ಮೂಸಿ ನೋಡಿಯೇ ಒಳಗಿನ ಜೀವಿಗಳು ಯಾವ ಹಂತದಲ್ಲಿವೆ ಎಂದು ಹೇಳಬಹುದಾಗಿತ್ತು.

ದುರ್ವಾಸನೆ ಎಂದು ದೂರಲಾದ ಇಂಡೋಲ್ ಮಲ್ಲಿಗೆಯ ಪರಿಮಳದಲ್ಲೂ ಅಲ್ಪ ಪ್ರಮಾಣದಲ್ಲಿ ಇದೆ ಎಂಬುದು ಬೇರೆ ಮಾತು. ಪ್ರಮಾಣ ತಪ್ಪಿದರೆ ಪರಿಮಳವೇ ನಾತವಾಗುತ್ತದೆ.

ವಿದ್ಯಾರ್ಥಿಗಳ ಈ ಆಟದ ಹಿಂದೆ ಗಂಭೀರವಾದ ತತ್ತ್ವವೊಂದಿತ್ತು. ಹೂವು, ಹಣ್ಣು, ತೊಗಟೆ, ಬೇರುಗಳ ಪರಿಮಳವೆಂದರೆ ಅಂತಿಮವಾಗಿ ಕೆಲವು ಅಣುಗಳು. ಆ ಅಣುಗಳನ್ನು ಗಿಡದೊಳಗೆ ತಯಾರಿಸುವುದು ಕಿಣ್ವಗಳು. ಕಿಣ್ವವನ್ನು ಹೇಗೆ ಕಟ್ಟಬೇಕೆಂಬ ಸೂಚನೆ ವಂಶವಾಹಿಯಲ್ಲಿ ಬರೆದಿರುತ್ತದೆ. ಆ ಬರಹದ ಲಿಪಿ ಮರಕ್ಕೂ ಬ್ಯಾಕ್ಟೀರಿಯಾಕ್ಕೂ ಒಂದೇ. ಹೀಗಿರುವಾಗ ಮರದ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಇರಿಸಿ, ಸಕ್ಕರೆಯ ನೀರುಣಿಸಿದರೆ, ಮರ ವರ್ಷಗಟ್ಟಲೆ ಕಾದು ಮಾಡುವ ಕೆಲಸವನ್ನು ಉಕ್ಕಿನ ತೊಟ್ಟಿಯೊಂದರಲ್ಲಿ ಕೆಲವೇ ದಿನಗಳಲ್ಲಿ ಮಾಡಿಸಲು ಸಾಧ್ಯವಾಗಬೇಕು. ಕಳೆದ ಎರಡು ದಶಕಗಳಲ್ಲಿ ಅದು ಸಾಧ್ಯವಾಗಿದೆ. ಹೀಗೆ ತಯಾರಾದ ಪರಿಮಳಗಳ ಪಟ್ಟಿಯಲ್ಲಿ ಕನ್ನಡಿಗರಿಗೆ ತೀರಾ ಹತ್ತಿರದ ಹೆಸರೊಂದಿದೆ: ಶ್ರೀಗಂಧ.

ಮರದ ಗಡಿಯಾರ

ಶ್ರೀಗಂಧದ ಮರ ಅವಸರದ ಜೀವಿಯಲ್ಲ. ಅರೆಪರಾವಲಂಬಿಯಾದ ಅದು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಚುಚ್ಚಿ ಆಹಾರ ಪಡೆಯುತ್ತದೆ. ಆದ್ದರಿಂದ ಅದನ್ನು ಒಂಟಿಯಾಗಿ ನೆಟ್ಟರೆ ಏಳಿಗೆಯಾಗುವುದಿಲ್ಲ, ಪಕ್ಕದಲ್ಲಿ ಆಸರೆ ಗಿಡ ಬೇಕು. ಪರಿಮಳವಿರುವುದು ಕಾಂಡದ ಹೊರಭಾಗದಲ್ಲಲ್ಲ, ಒಳಗಿನ ಚೇಗಿನಲ್ಲಿ. ಮಾರಾಟಕ್ಕೆ ತಕ್ಕ ಚೇಗು ಕಟ್ಟಲು ಕನಿಷ್ಠ 15 ವರ್ಷ ಬೇಕು. ಒಳ್ಳೆಯ ಎಣ್ಣೆ ಬರಬೇಕೆಂದರೆ 30 ವರ್ಷ ಕಾಯುವುದು ವಾಡಿಕೆ. ಅಷ್ಟು ಕಾದ ಮೇಲೂ ಚೇಗಿನ ತೂಕದ ನೂರರಲ್ಲಿ ಕೆಲವೇ ಪಾಲು ಮಾತ್ರ ಎಣ್ಣೆ. ಚೇಗನ್ನು ಪುಡಿ ಮಾಡಿ ದಿನಗಟ್ಟಲೆ ಹಬೆಯಲ್ಲಿ ಬಟ್ಟಿ ಇಳಿಸಬೇಕು. ಎಣ್ಣೆ ಬೇರಿನಲ್ಲೂ ಇರುವುದರಿಂದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಕಿತ್ತು ತೆಗೆಯುತ್ತಾರೆ.

ಮೈಸೂರು ಸಂಸ್ಥಾನಕ್ಕೆ ಗಂಧ ದೊಡ್ಡ ಆದಾಯದ ಮೂಲವಾಗಿತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಕೊರಡು ಸಾಗಿಸುವುದು ಕಷ್ಟವಾದಾಗ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ನಿರ್ಧಾರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಸಾಬೂನು ಅದರ ಹಿಂದೆಯೇ ಬಂದಿತು. ಆದರೆ ರಾಜವೃಕ್ಷವೆಂಬ ಪಟ್ಟವೇ ಮರಕ್ಕೆ ಮುಳುವಾಯಿತು ಎನ್ನುವವರೂ ಇದ್ದಾರೆ. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದರೂ ಸರ್ಕಾರದ ಸ್ವತ್ತಾಗುವ ಸಸಿಯನ್ನು ಯಾವ ರೈತ ತಾನೇ ಕಾಯುತ್ತಾನೆ? ಕಳ್ಳಸಾಗಣೆ ಒಂದು ಕಡೆ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ ಇನ್ನೊಂದು ಕಡೆ ಕಾಡಿನ ಗಂಧವನ್ನು ತಿಂದುಹಾಕಿದವು. 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಈ ಮರವನ್ನು ಅಪಾಯಕ್ಕೆ ಸಿಲುಕಬಹುದಾದ ಪ್ರಭೇದಗಳ ಪಟ್ಟಿಗೆ ಸೇರಿಸಿತು. 2001ರ ಕಾಯ್ದೆ ತಿದ್ದುಪಡಿಯ ಮೂಲಕ ಕರ್ನಾಟಕ ಸರ್ಕಾರ, ಜಮೀನಿನ ಒಡೆಯನೇ ಅಲ್ಲಿನ ಗಂಧದ ಮರಕ್ಕೂ ಒಡೆಯ ಎಂದು ಒಪ್ಪಿಕೊಂಡಿತು. ಅನಂತರ ರಾಜ್ಯದ ಎಷ್ಟೋ ರೈತರು ಸಸಿ ನೆಟ್ಟರು. ಆಗ ನೆಟ್ಟ ಮರಗಳು ಫಲ ಕೊಡುವ ವಯಸ್ಸಿಗೆ ಬರುತ್ತಿರುವಾಗಲೇ ಬ್ಯಾಕ್ಟೀರಿಯಾ ಸ್ಪರ್ಧೆಗೆ ಇಳಿದಿದೆ.

ಐದೈದರ ಇಟ್ಟಿಗೆಗಳು

ಗಂಧದೆಣ್ಣೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಅಣುಗಳಿವೆ. ಅದರ ಜೀವಾಳ ಮಾತ್ರ ಎರಡು: ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಉತ್ತಮ ಎಣ್ಣೆಯಲ್ಲಿ ಮೊದಲನೆಯದು ಶೇ 41ರಿಂದ 55, ಎರಡನೆಯದು ಶೇ 16ರಿಂದ 24ರಷ್ಟು ಇರಬೇಕು. ಎರಡೂ 15 ಇಂಗಾಲದ ಪರಮಾಣುಗಳಿಂದ ಕಟ್ಟಿದ ಅಣುಗಳು. ರಸಾಯನವಿಜ್ಞಾನದಲ್ಲಿ ಇವು ಟರ್ಪೀನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿವೆ.

ಟರ್ಪೀನ್‌ಗಳ ರಚನೆ ಇಟ್ಟಿಗೆಯ ಗೋಡೆಯಂತೆ. ಐದು ಇಂಗಾಲಗಳ ಒಂದು ಇಟ್ಟಿಗೆ. ಎರಡು ಇಟ್ಟಿಗೆ ಕೂಡಿದರೆ ಹತ್ತು ಇಂಗಾಲದ ಅಣು: ಕಿತ್ತಳೆ ಸಿಪ್ಪೆಯ ಲಿಮೊನಿನ್, ಗುಲಾಬಿಯ ಜಿರೇನಿಯಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಎಲ್ಲವೂ ಹೀಗೆ ಆದವು. ಮೂರು ಇಟ್ಟಿಗೆ ಕೂಡಿದರೆ ಹದಿನೈದು. ಈ ಹದಿನೈದರ ಉದ್ದನೆಯ ಸರಪಳಿಗೆ ಫಾರ್ನೆಸೈಲ್ ಪೈರೋಫಾಸ್ಫೇಟ್ ಎಂಬ ಬಾಯಿಗೆ ಬಾರದ ಹೆಸರಿದೆ. ಅದನ್ನು ಮಡಿಸಿ, ತಿರುಚಿ, ಉಂಗುರ ಕಟ್ಟುವುದು ಆಯಾ ಗಿಡದ ಕಿಣ್ವದ ಕೈಚಳಕ. ಒಂದು ಗಿಡದ ಕಿಣ್ವ ಅದನ್ನು ಪಚೌಲಿಯ ವಾಸನೆಯಾಗಿ ಮಡಿಸುತ್ತದೆ, ಇನ್ನೊಂದು ಕಿತ್ತಳೆಯ ವ್ಯಾಲೆನ್ಸೀನ್ ಆಗಿ, ಶ್ರೀಗಂಧದ ಕಿಣ್ವ ಸ್ಯಾಂಟಲೀನ್ ಆಗಿ.

ಇಲ್ಲಿಯೇ ವಿಜ್ಞಾನಿಗಳಿಗೆ ಅನುಕೂಲವೊಂದು ಒದಗಿತು. ಬ್ಯಾಕ್ಟೀರಿಯಾಕ್ಕೂ ಈ ಇಟ್ಟಿಗೆಗಳು ಬೇಕು. ತನ್ನ ಕೋಶಭಿತ್ತಿಯನ್ನು ಕಟ್ಟಲು, ಉಸಿರಾಟಕ್ಕೆ ನೆರವಾಗುವ ಕ್ವಿನೋನ್‌ಗಳನ್ನು ತಯಾರಿಸಲು ಅದು ಸಕ್ಕರೆಯಿಂದ ಫಾರ್ನೆಸೈಲ್ ಸರಪಳಿಯನ್ನು ಮಾಡಿಕೊಳ್ಳುತ್ತಲೇ ಇರುತ್ತದೆ. ಹೀಗಾಗಿ ಹೊಸ ಕಾರ್ಖಾನೆಯನ್ನು ಬುನಾದಿಯಿಂದ ಕಟ್ಟಬೇಕಾಗಿಲ್ಲ. ಇರುವ ಕಾರ್ಖಾನೆಯ ಕೊನೆಗೆ ಹೊಸ ಯಂತ್ರವೊಂದನ್ನು ಜೋಡಿಸಿದರೆ ಸಾಕು.

ಕೇಳಲು ಸುಲಭ. ಆದರೆ ಬ್ಯಾಕ್ಟೀರಿಯಾ ತನಗೆ ಬೇಕಾದಷ್ಟು ಇಟ್ಟಿಗೆಯನ್ನಷ್ಟೇ ತಯಾರಿಸುತ್ತದೆ. ಹೆಚ್ಚಾದರೆ ತಾನೇ ಕಡಿವಾಣ ಹಾಕುತ್ತದೆ. ಈ ಕಡಿವಾಣವನ್ನು ತಪ್ಪಿಸುವ ಜಾಣ ದಾರಿಯನ್ನು 2003ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇ ಕೀಸ್ಲಿಂಗ್ ಅವರ ತಂಡ ತೋರಿಸಿತು. ಇದೇ ಇಟ್ಟಿಗೆಯನ್ನು ಯೀಸ್ಟ್ ಬೇರೊಂದು ಮಾರ್ಗದಿಂದ ತಯಾರಿಸುತ್ತದೆ. ಆ ಮಾರ್ಗಕ್ಕೆ ಬೇಕಾದ ವಂಶವಾಹಿಗಳನ್ನು ತಂಡವು ಇ.ಕೋಲಿಯೊಳಗೆ ಸೇರಿಸಿತು. ಇದು ಪರಕೀಯ ಮಾರ್ಗವಾದ್ದರಿಂದ ಬ್ಯಾಕ್ಟೀರಿಯಾದ ಒಳಗಿನ ಮೇಲ್ವಿಚಾರಣಾ ವ್ಯವಸ್ಥೆ ಅದನ್ನು ಗುರುತಿಸಲಿಲ್ಲ. ಊರಿನೊಳಗಿನ ರಸ್ತೆಯಲ್ಲಿ ಸುಂಕದ ಕಟ್ಟೆಗಳಿದ್ದರೆ, ಹೊರವಲಯದಲ್ಲಿ ಹೊಸ ರಸ್ತೆ ಹಾಕಿದಂತಾಯಿತು. ಅವರ ಗುರಿ ಪರಿಮಳವಾಗಿರಲಿಲ್ಲ, ಮಲೇರಿಯಾ ಔಷಧವಾದ ಆರ್ಟಿಮಿಸಿನಿನ್. ಆದರೆ ಆ ರಸ್ತೆಯಲ್ಲಿ ಯಾವ ಟರ್ಪೀನ್ ಬೇಕಾದರೂ ಸಾಗಬಹುದಿತ್ತು.

ಬಾಲದ ದಿಕ್ಕಿನ ಪ್ರಶ್ನೆ

ಇನ್ನು ಉಳಿದದ್ದು ಶ್ರೀಗಂಧದ ಯಂತ್ರವನ್ನು, ಅಂದರೆ ಅದರ ಕಿಣ್ವದ ವಂಶವಾಹಿಯನ್ನು ಹುಡುಕುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋರ್ಗ್ ಬೋಲ್ಮನ್ ಅವರ ತಂಡ, ಪಶ್ಚಿಮ ಆಸ್ಟ್ರೇಲಿಯದ ಸಂಶೋಧಕರ ಜೊತೆಗೂಡಿ, 2011ರಲ್ಲಿ ಅದನ್ನು ಪ್ರಕಟಿಸಿತು. ಫಾರ್ನೆಸೈಲ್ ಸರಪಳಿಯನ್ನು ಸ್ಯಾಂಟಲೀನ್ ಆಗಿಸುವ ಕಿಣ್ವ ಸಿಕ್ಕಿತು.

ಆದರೆ ಸ್ಯಾಂಟಲೀನ್ ಇನ್ನೂ ಸ್ಯಾಂಟಲಾಲ್ ಅಲ್ಲ. ಅಣುವಿನ ಬಾಲದ ಒಂದು ನಿರ್ದಿಷ್ಟ ಜಾಗದಲ್ಲಿ ಆಮ್ಲಜನಕದ ಒಂದು ಪರಮಾಣುವನ್ನು ಕೂರಿಸಿದಾಗಲಷ್ಟೇ ಗಂಧದ ಆ ಮೃದುವಾದ, ಹಾಲಿನಂಥ ಪರಿಮಳ ಹುಟ್ಟುತ್ತದೆ. 2013ರಲ್ಲಿ ಅದೇ ಗುಂಪು ಆಮ್ಲಜನಕ ಸೇರಿಸುವ ಕೆಲವು ಕಿಣ್ವಗಳನ್ನು ಗುರುತಿಸಿ, ಯೀಸ್ಟ್‌ನಲ್ಲಿ ಪರೀಕ್ಷಿಸಿತು. ಸ್ಯಾಂಟಲಾಲ್ ಬಂದಿತು. ಆದರೆ ಬಹುಪಾಲು ತಪ್ಪು ಸ್ಯಾಂಟಲಾಲ್! ಅದೇ ಪರಮಾಣುಗಳು, ಅದೇ ಜೋಡಣೆ, ಬಾಲದ ತುದಿ ಮಾತ್ರ ವಿರುದ್ಧ ದಿಕ್ಕಿಗೆ ತಿರುಗಿತ್ತು. ನಮ್ಮ ಮೂಗು ಈ ವ್ಯತ್ಯಾಸವನ್ನು ಬಲ್ಲದು. ಮರವು ತಯಾರಿಸುವುದು ಬಹುತೇಕ ಸರಿಯಾದ ದಿಕ್ಕಿನ ಅಣುಗಳನ್ನು. ಹಾಗಿದ್ದರೆ ಮರದೊಳಗೆ ಮತ್ತೊಂದು ಕಿಣ್ವ ಇರಲೇಬೇಕೆಂದು ತರ್ಕಿಸಿದ ತಂಡ, ಎಲೆ ಅಥವಾ ಹೊರಕಾಂಡವನ್ನು ಬಿಟ್ಟು ಚೇಗು ಕಟ್ಟುವ ಪದರದಲ್ಲಿ ಮಾತ್ರ ಎಚ್ಚೆತ್ತಿರುವ ವಂಶವಾಹಿಗಳನ್ನು ಶೋಧಿಸಿತು. 2016ರಲ್ಲಿ ಆ ಕಿಣ್ವವೂ ಸಿಕ್ಕಿತು. ಶ್ರೀಗಂಧದ ಇಡೀ ವಂಶವಾಹಿ ನಕ್ಷೆಯನ್ನು ಕರ್ನಾಟಕದ ವಿಜ್ಞಾನಿಗಳ ತಂಡವೇ 2018ರಲ್ಲಿ ಪ್ರಕಟಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಆಮ್ಲಜನಕ ಸೇರಿಸುವ ಈ ಕಿಣ್ವಗಳು ಬ್ಯಾಕ್ಟೀರಿಯಾದೊಂದಿಗೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಗಿಡದ ಜೀವಕೋಶದೊಳಗೆ ಪೊರೆಗಳ ಒಂದು ಜಾಲವಿದ್ದು, ಕಿಣ್ವವು ಅದಕ್ಕೆ ಅಂಟಿಕೊಂಡು ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಆ ಜಾಲವೇ ಇಲ್ಲ. ಕಿಣ್ವದ ಜೊತೆ ಎಲೆಕ್ಟ್ರಾನ್ ಒದಗಿಸುವ ಸಹಾಯಕ ಕಿಣ್ವವನ್ನೂ ಕಳುಹಿಸಬೇಕು. ಕಿಣ್ವದ ತುದಿಯನ್ನು ಕತ್ತರಿಸಿ ಹೊಂದಿಸಬೇಕು. ಆದ್ದರಿಂದಲೇ ಅನೇಕರು ಈ ಹಂತಕ್ಕೆ ಯೀಸ್ಟನ್ನು ಆಶ್ರಯಿಸಿದರು.

ತಾನು ತಯಾರಿಸಿದ ವಿಷ

ಪರಿಮಳದ ಅಣುಗಳನ್ನು ಗಿಡಗಳು ನಮ್ಮ ಸಂತೋಷಕ್ಕಾಗಿ ತಯಾರಿಸುವುದಿಲ್ಲ. ಅವುಗಳಲ್ಲಿ ಹಲವು ಕೀಟ ಮತ್ತು ಸೂಕ್ಷ್ಮಜೀವಿಗಳನ್ನು ದೂರವಿಡುವ ಆಯುಧಗಳು. ಅಂಥ ಆಯುಧವನ್ನು ಸೂಕ್ಷ್ಮಜೀವಿಯಿಂದಲೇ ಮಾಡಿಸಹೊರಟರೆ ಏನಾಗಬಹುದೋ ಅದೇ ಆಗುತ್ತದೆ. ಲಿಮೊನಿನ್, ಜಿರೇನಿಯಾಲ್‌ಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಗೊಳಿಸುತ್ತವೆ. ಗಿಡಗಳು ಅವನ್ನು ಪ್ರತ್ಯೇಕ ಗ್ರಂಥಿಗಳಲ್ಲಿ ಬಚ್ಚಿಡುತ್ತವೆ. ಬ್ಯಾಕ್ಟೀರಿಯಾಕ್ಕೆ ಅಂಥ ಉಗ್ರಾಣವಿಲ್ಲ. ಉತ್ಪನ್ನ ಹೆಚ್ಚಿದಂತೆ ಉತ್ಪಾದಕನೇ ಸಾಯುತ್ತಾನೆ.

ಇದಕ್ಕೆ ಕಂಡುಕೊಂಡ ಪರಿಹಾರ ಅಡುಗೆಮನೆಯಿಂದ ಬಂದಂತಿದೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ, ಹುದುಗಿಸುವ ತೊಟ್ಟಿಯ ದ್ರವದ ಮೇಲೆ ಬ್ಯಾಕ್ಟೀರಿಯಾಕ್ಕೆ ಹಾನಿ ಮಾಡದ ಎಣ್ಣೆಯ ಪದರವೊಂದನ್ನು ತೇಲಿಬಿಡುತ್ತಾರೆ. ನೀರಿನಲ್ಲಿ ಕರಗಲೊಲ್ಲದ ಪರಿಮಳದ ಅಣುಗಳು ಕೋಶದಿಂದ ಹೊರಬಿದ್ದೊಡನೆ ಆ ಪದರವನ್ನು ಸೇರುತ್ತವೆ. ಬ್ಯಾಕ್ಟೀರಿಯಾ ಉಳಿಯುತ್ತದೆ, ಪರಿಮಳವೂ ಗಾಳಿಗೆ ಹಾರಿಹೋಗುವುದಿಲ್ಲ. ಕೊನೆಗೆ ಎಣ್ಣೆಯನ್ನು ಬೇರ್ಪಡಿಸಿ ಬಟ್ಟಿ ಇಳಿಸಿದರೆ ಸರಿ. ಶುದ್ಧೀಕರಿಸಿದ ಉತ್ಪನ್ನದಲ್ಲಿ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ.

ಸಕ್ಕರೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. ಯೀಸ್ಟ್‌ನಿಂದ ಎರವಲು ಪಡೆದ ಮಾರ್ಗದಲ್ಲಿ ಒಂದು ಸ್ಯಾಂಟಲೀನ್ ಅಣುವಿಗೆ ನಾಲ್ಕೂವರೆ ಗ್ಲೂಕೋಸ್ ಅಣುಗಳು ಬೇಕು. ತೂಕದಲ್ಲಿ ಹೇಳುವುದಾದರೆ 810 ಗ್ರಾಂ ಸಕ್ಕರೆಗೆ 204 ಗ್ರಾಂ ಸ್ಯಾಂಟಲೀನ್, ಅಂದರೆ ಕಾಲು ಪಾಲು. ಇದು ಬ್ಯಾಕ್ಟೀರಿಯಾ ತಾನು ಏನನ್ನೂ ತಿನ್ನದೆ, ಬೆಳೆಯದೆ, ಎಲ್ಲವನ್ನೂ ನಮಗೇ ಕೊಟ್ಟರೆ ಸಿಗುವ ಗರಿಷ್ಠ ಫಲ. ವಾಸ್ತವದಲ್ಲಿ ಇಳುವರಿ ಇದಕ್ಕಿಂತ ಕಡಿಮೆ. ಸಕ್ಕರೆಯಾದರೋ ಕಬ್ಬಿನ ಗದ್ದೆಯಿಂದ, ಜೋಳದ ಹೊಲದಿಂದ ಬರಬೇಕು. ಮರವನ್ನು ಉಳಿಸುವ ತಂತ್ರಜ್ಞಾನವೆಂದು ಇದನ್ನು ಹೊಗಳುವವರು ಆ ಗದ್ದೆಗೆ ಹರಿಯುವ ನೀರನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಆದರೂ ಕೆಜಿಗೆ ಸಾವಿರಾರು ರೂಪಾಯಿ ಬೆಲೆಯ ಪರಿಮಳಕ್ಕೆ ಈ ಲೆಕ್ಕ ಹೊಂದುತ್ತದೆ. ಅಗ್ಗದ ಇಂಧನಕ್ಕೆ ಹೊಂದುವುದಿಲ್ಲ. ಟರ್ಪೀನ್‌ನಿಂದ ವಾಹನ ಓಡಿಸಹೊರಟ ಕಂಪನಿಗಳು ಬಳಿಕ ಅತ್ತರು, ಕಾಂತಿವರ್ಧಕಗಳತ್ತ ಹೊರಳಿದ್ದು ಇದೇ ಕಾರಣಕ್ಕೆ.

ಮಾರುಕಟ್ಟೆಗೆ ಬಂದ ಬಗೆ

ನೆದರ್ಲೆಂಡ್ಸ್‌ನ ಐಸೋಬಯೋನಿಕ್ಸ್ ಕಂಪನಿ ಇ.ಕೋಲಿಯನ್ನು ಬಿಟ್ಟು ರೋಡೋಬ್ಯಾಕ್ಟರ್ ಎಂಬ ಮತ್ತೊಂದು ಬ್ಯಾಕ್ಟೀರಿಯಾವನ್ನು ಆಯ್ದುಕೊಂಡಿತು. ಬೆಳಕಿನಿಂದಲೂ ಬದುಕಬಲ್ಲ ಈ ಜೀವಿ ಕ್ಯಾರಟ್‌ನ ಬಣ್ಣದ ಜಾತಿಯ ವರ್ಣದ್ರವ್ಯಗಳನ್ನು ಸಹಜವಾಗಿಯೇ ಹೇರಳವಾಗಿ ತಯಾರಿಸುತ್ತದೆ. ಅವೂ ಐದು ಇಂಗಾಲದ ಇಟ್ಟಿಗೆಗಳಿಂದಲೇ ಆದವು. ಹೀಗಾಗಿ ಇಟ್ಟಿಗೆಯ ದಾಸ್ತಾನಿಗೆ ಇಲ್ಲಿ ಕೊರತೆಯಿಲ್ಲ. 2010ರಲ್ಲಿ ಕಂಪನಿ ಕಿತ್ತಳೆಯ ವ್ಯಾಲೆನ್ಸೀನ್ ಅನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಜರ್ಮನಿಯ ದೈತ್ಯ ಕಂಪನಿ ಬಿಎಎಸ್ಎಫ್ ಅದನ್ನು ಖರೀದಿಸಿತು. 2020ರಲ್ಲಿ ಗಂಧದೆಣ್ಣೆಗೆ ಪರ್ಯಾಯವೆಂದು ಐಸೋಬಯೋನಿಕ್ಸ್ ಸ್ಯಾಂಟಲಾಲ್ ಬಿಡುಗಡೆಯಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡ್‌ನ ಫರ್ಮೆನಿಕ್ ಕಂಪನಿಯೂ ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ ಗಂಧದ ವಾಸನೆಯ ಡ್ರೀಮ್‌ವುಡ್ ಎಂಬ ಸಾಮಗ್ರಿಯನ್ನು ಹೊರತಂದಿತು.

ಬಿಎಎಸ್ಎಫ್ ಎಂಬ ಹೆಸರು ಭಾರತದ ಕೃಷಿ ಚರಿತ್ರೆ ಬಲ್ಲವರಿಗೆ ಹೊಸದಲ್ಲ. 1897ರಲ್ಲಿ ಕೃತಕ ನೀಲಿ ಬಣ್ಣವನ್ನು ಮಾರುಕಟ್ಟೆಗೆ ಇಳಿಸಿದ್ದು ಇದೇ ಕಂಪನಿ. ಕೆಲವೇ ವರ್ಷಗಳಲ್ಲಿ ಬಂಗಾಳ, ಬಿಹಾರಗಳ ನೀಲಿ ಬೆಳೆಯ ಬೆಲೆ ಕುಸಿಯಿತು. ತೋಟಗಳ ಬ್ರಿಟಿಷ್ ಮಾಲೀಕರು ತಮ್ಮ ನಷ್ಟವನ್ನು ಗೇಣಿದಾರರ ತಲೆಯ ಮೇಲೆ ಹೊರಿಸಿದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದಾಗ ಅಲ್ಲಿ ಕಂಡ ಸಂಕಷ್ಟದ ಹಿಂದೆ ಜರ್ಮನಿಯ ಪ್ರಯೋಗಾಲಯವೊಂದರ ನೆರಳೂ ಇತ್ತು.

ಗಂಧಕ್ಕೂ ಅದೇ ಗತಿಯೇ? ಹಾಗೆಂದು ನಿರ್ಧರಿಸಿಬಿಡುವುದು ಆತುರವಾದೀತು. ಆರ್ಟಿಮಿಸಿನಿನ್‌ನ ಕಥೆ ಬೇರೆಯೇ ಪಾಠ ಹೇಳುತ್ತದೆ. ಕೀಸ್ಲಿಂಗ್ ತಂಡದ ಸಂಶೋಧನೆಯ ಮುಂದುವರಿಕೆಯಾಗಿ, ಯೀಸ್ಟ್ ಬಳಸಿ ಆ ಔಷಧ ತಯಾರಿಸುವ ಘಟಕವನ್ನು ಸನೋಫಿ ಕಂಪನಿ 2013ರಲ್ಲಿ ಇಟಲಿಯಲ್ಲಿ ಆರಂಭಿಸಿತು. ಆ ವೇಳೆಗೆ ಚೀನಾ, ಆಫ್ರಿಕಾಗಳ ರೈತರು ಆರ್ಟಿಮೀಸಿಯಾ ಗಿಡವನ್ನು ಎಷ್ಟು ಬೆಳೆದಿದ್ದರೆಂದರೆ, ಗಿಡದಿಂದ ತೆಗೆದ ಔಷಧವೇ ಅಗ್ಗವಾಯಿತು. 2016ರ ಹೊತ್ತಿಗೆ ಕಂಪನಿ ಘಟಕವನ್ನೇ ಮಾರಲು ಮುಂದಾಯಿತು. ಈ ಕ್ಷೇತ್ರದ ಮುಂಚೂಣಿಯಲ್ಲಿದ್ದ ಅಮೆರಿಕದ ಅಮೈರಿಸ್ ಕಂಪನಿ 2023ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಬ್ಯಾಕ್ಟೀರಿಯಾ 20 ನಿಮಿಷದಲ್ಲಿ ಇಮ್ಮಡಿಯಾಗಬಹುದು, ಬಂಡವಾಳ ಹಾಗೆ ಇಮ್ಮಡಿಯಾಗುವುದಿಲ್ಲ.

ಗಂಧಕ್ಕೆ ಸ್ಪರ್ಧಿಗಳು ಹೊಸಬರೂ ಅಲ್ಲ. ಟರ್ಪೆಂಟೈನ್‌ನಿಂದ ತಯಾರಿಸುವ ಸ್ಯಾಂಡಲೋರ್, ಜವನಾಲ್‌ನಂಥ ಕೃತಕ ವಸ್ತುಗಳು ಅಗ್ಗದ ಸಾಬೂನು, ಊದುಬತ್ತಿಗಳಲ್ಲಿ ಬಹಳ ಹಿಂದೆಯೇ ಜಾಗ ಹಿಡಿದಿವೆ. ಅವು ಗಂಧದ ವಾಸನೆಯನ್ನು ಅನುಕರಿಸುತ್ತವೆಯೇ ಹೊರತು ಗಂಧದ ಅಣುಗಳಲ್ಲ. ಪಶ್ಚಿಮ ಆಸ್ಟ್ರೇಲಿಯದ ಕುನುನುರಾದಲ್ಲಿ ಭಾರತೀಯ ಶ್ರೀಗಂಧದ ಬೃಹತ್ ತೋಟಗಳೇ ಎದ್ದಿವೆ. ಹೀಗಿದ್ದೂ ನಿಜವಾದ ಎಣ್ಣೆಗೆ ಬೇಡಿಕೆ ಉಳಿದಿದೆ. ಬ್ಯಾಕ್ಟೀರಿಯಾ ತಯಾರಿಸುವ ಸ್ಯಾಂಟಲಾಲ್ ಇವೆಲ್ಲಕ್ಕಿಂತ ಅಪಾಯಕಾರಿ ಸ್ಪರ್ಧಿ ಏಕೆಂದರೆ ಅದು ಅನುಕರಣೆಯಲ್ಲ, ಅದೇ ಅಣು. ಮಲೆನಾಡಿನ ರೈತರಿಗೆ ವೆನಿಲಾದ ನೆನಪು ಇನ್ನೂ ಹಸಿಯಾಗಿದೆ. 2003ರ ಸುಮಾರಿಗೆ ಗಗನಕ್ಕೇರಿದ ಬೆಲೆ ಎರಡೇ ವರ್ಷದಲ್ಲಿ ನೆಲಕಚ್ಚಿತು. ವೆನಿಲಾ ಬಳ್ಳಿಯನ್ನು ಕಿತ್ತು ಬೇರೆ ಬೆಳೆ ಇಡಬಹುದಿತ್ತು. ಹದಿನೈದು ವರ್ಷ ಕಾವಲು ಕಾದ ಗಂಧದ ಮರದ ವಿಷಯದಲ್ಲಿ ಆ ಮಾತು ಅಷ್ಟು ಸುಲಭವಲ್ಲ.

ಯಾರ ವಂಶವಾಹಿ, ಯಾವ ಹೆಸರು?

ಐರೋಪ್ಯ ಒಕ್ಕೂಟದ 2008ರ ನಿಯಮದ ಪ್ರಕಾರ ಆಹಾರದ ಸುವಾಸನೆಗಳ ಮಟ್ಟಿಗೆ, ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಪಡೆದ ವಸ್ತುವನ್ನು ನಿಸರ್ಗದಲ್ಲಿ ಅದು ಇರುವುದಾದರೆ ‘ನೈಸರ್ಗಿಕ’ ಎಂದು ಕರೆಯಬಹುದು. ಮರದ ಒಡೆಯನೂ ತೊಟ್ಟಿಯ ಒಡೆಯನೂ ಒಂದೇ ಪದವನ್ನು ಬಳಸುವ ಪರಿಸ್ಥಿತಿ ಇದರಿಂದ ಉಂಟಾಗುತ್ತದೆ. ಮೈಸೂರು ಗಂಧದೆಣ್ಣೆಗೆ ಭೌಗೋಳಿಕ ಗುರುತಿನ ರಕ್ಷಣೆ ಇರುವುದರಿಂದ ಆ ಹೆಸರನ್ನು ಮಾತ್ರ ತೊಟ್ಟಿಯ ಎಣ್ಣೆಗೆ ಇಡುವಂತಿಲ್ಲ.

ವಂಶವಾಹಿಯ ಮೇಲಿನ ಹಕ್ಕಿನ ಪ್ರಶ್ನೆ ಇನ್ನೂ ಜಟಿಲ. ಜೀವವೈವಿಧ್ಯ ಕುರಿತ 1992ರ ಅಂತರರಾಷ್ಟ್ರೀಯ ಒಪ್ಪಂದವೂ ಭಾರತದ 2002ರ ಕಾಯ್ದೆಯೂ ಸಸ್ಯ ಸಂಪತ್ತಿನಿಂದ ಬರುವ ಲಾಭದಲ್ಲಿ ಮೂಲದೇಶಕ್ಕೆ ಪಾಲಿದೆ ಎನ್ನುತ್ತವೆ. ಆದರೆ ಇಂದು ಯಾರೂ ಕೊರಡು ಹೊತ್ತೊಯ್ಯಬೇಕಾಗಿಲ್ಲ. ಗಣಕದಲ್ಲಿರುವ ವಂಶವಾಹಿಯ ಅಕ್ಷರಮಾಲೆಯನ್ನು ನೋಡಿ ಅದನ್ನು ಪ್ರಯೋಗಾಲಯದಲ್ಲೇ ಹೊಸದಾಗಿ ಹೆಣೆಯಬಹುದು. ಇಂಥ ಮಾಹಿತಿಯಿಂದ ಲಾಭ ಪಡೆಯುವ ಕಂಪನಿಗಳು ಸಲ್ಲಿಸುವ ವಂತಿಗೆಗಾಗಿ ಕೊಲಂಬಿಯಾದ ಕಾಲಿ ನಗರದಲ್ಲಿ 2024ರಲ್ಲಿ ನಡೆದ ಸಮ್ಮೇಳನ ನಿಧಿಯೊಂದನ್ನು ಒಪ್ಪಿತು. 2025ರ ಫೆಬ್ರುವರಿಯಲ್ಲಿ ಅದು ಆರಂಭವಾಯಿತು. ಅದಕ್ಕೆ ಹಣ ಕಟ್ಟುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಗಂಧದ ವಿಷಯದಲ್ಲಿ ಮತ್ತೊಂದು ತೊಡಕಿದೆ. ಈ ಮರ ಮೂಲತಃ ಇಂಡೊನೇಷ್ಯಾದ ತಿಮೋರ್ ಕಡೆಯಿಂದ ಬಂದದ್ದೆಂದು ವಾದಿಸುವ ಸಸ್ಯವಿಜ್ಞಾನಿಗಳೂ ಇದ್ದಾರೆ.

ಮರದ ಎಣ್ಣೆಯನ್ನೂ ತೊಟ್ಟಿಯ ಎಣ್ಣೆಯನ್ನೂ ಬೆರೆಸಿ ಮಾರಿದರೆ ಪತ್ತೆ ಹಚ್ಚುವುದು ಹೇಗೆ? ಮೂಗು ಸೋಲಬಹುದು, ಇಂಗಾಲ ಸುಳ್ಳು ಹೇಳುವುದಿಲ್ಲ. ಕಬ್ಬು ಮತ್ತು ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹಿಡಿಯುವ ಕ್ರಮ ಗಂಧದ ಮರದ ಕ್ರಮಕ್ಕಿಂತ ಭಿನ್ನ. ಅವುಗಳ ಸಕ್ಕರೆಯಲ್ಲಿ ಇಂಗಾಲ-13 ಎಂಬ ತುಸು ಭಾರದ ಪರಮಾಣುವಿನ ಪಾಲು ಹೆಚ್ಚು. ಆ ಸಕ್ಕರೆ ತಿಂದ ಬ್ಯಾಕ್ಟೀರಿಯಾದ ಸ್ಯಾಂಟಲಾಲ್ ಕೂಡ ಅದೇ ಗುರುತನ್ನು ಹೊತ್ತಿರುತ್ತದೆ. ಸೂಕ್ಷ್ಮ ತೂಕದ ಯಂತ್ರಗಳಲ್ಲಿ ಇದನ್ನು ಅಳೆಯಬಹುದು. ಆದರೆ ಯೂರೋಪಿನ ಬೀಟ್ ಸಕ್ಕರೆಯನ್ನು ಉಣಿಸಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಬೀಟ್ ಗಡ್ಡೆ ಇಂಗಾಲ ಹಿಡಿಯುವ ಕ್ರಮವೂ ಗಂಧದ ಮರದ ಕ್ರಮವೂ ಒಂದೇ. ಆಗ ಉಳಿಯುವ ದಾರಿ, ಮರದ ಎಣ್ಣೆಯಲ್ಲಿ ಮಾತ್ರ ಅತ್ಯಲ್ಪ ಪ್ರಮಾಣದಲ್ಲಿರುವ ಉಳಿದ ಅಣುಗಳನ್ನು ಒಂದೊಂದಾಗಿ ಎಣಿಸುವುದು.